ಅನ್ನನಾಳದ ಬದಲು ದೊಡ್ಡಕರುಳು ಹಾಕಿದ್ದಾರಾ? ವರ್ಷಗಳಾದ ಮೇಲೂ ಇವನ್ನು ಗಮನಿಸಿ

ನನ್ನ ತಮ್ಮ ಒಂಬತ್ತು ವರ್ಷದವನಿದ್ದಾಗ ಜ್ಯೂಸ್ ಬಾಟಲಿಯಲ್ಲಿದ್ದ ಬಾತ್‌ರೂಮ್ ಆಸಿಡ್ ಕುಡಿದುಬಿಟ್ಟ. ಅನ್ನನಾಳ ಸುಟ್ಟು ಮುಚ್ಚಿಕೊಂಡಿತು. ಡಾಕ್ಟರು ಅವನದೇ ದೊಡ್ಡಕರುಳಿನ ಒಂದು ಭಾಗವನ್ನು, ಅದಕ್ಕೆ ರಕ್ತ ಕೊಡುವ ನಾಳವನ್ನು ಹಾಗೇ ಉಳಿಸಿಕೊಂಡು, ಎದೆಮೂಳೆಯ ಹಿಂದಿನಿಂದ ಮೇಲೆ ತಂದು ಕುತ್ತಿಗೆಯ ಹತ್ತಿರ ಜೋಡಿಸಿದರು. ಈಗ ಅವನಿಗೆ 31. ಆಪರೇಷನ್ ಆಯ್ತು, ಇನ್ನು ಕಷ್ಟ ಮುಗೀತು ಅಂದುಕೊಂಡಿದ್ದೆವು. ಮುಗಿದಿರಲಿಲ್ಲ.

ಮೊದಲು ತಿಳಿಯಬೇಕಾದ್ದು ಇದು: ಅನ್ನನಾಳ ಊಟವನ್ನು ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ, ಈ ಕರುಳು ಹಾಗೆ ತಳ್ಳುವುದಿಲ್ಲ. ತುತ್ತು ಹೆಚ್ಚಾಗಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹೊಟ್ಟೆಯದು ಮೇಲೆ ಬರದಂತೆ ತಡೆಯುವ ಬಾಗಿಲೂ ಸರಿಯಾಗಿ ಇರುವುದಿಲ್ಲ. ಆದ್ದರಿಂದ ನೆಟ್ಟಗೆ ಕೂತೇ ಊಟ ಮಾಡಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಅಲುಗಾಡದಂತೆ ಇಟ್ಟಿಗೆ ಇಡಿ. ಬರೀ ದಿಂಬು ಏರಿಸಿದರೆ ಕುತ್ತಿಗೆ ಬಗ್ಗುತ್ತದೆ ಅಷ್ಟೇ.

ರಾತ್ರಿ ಕೆಮ್ಮನ್ನು ಹಗುರವಾಗಿ ತಗೋಬೇಡಿ. ನಾವು ತಗೊಂಡೆವು, ಎರಡು ತಿಂಗಳು ಸುಮ್ನೆ ಸಿರಪ್ ಕುಡಿಸಿದೆವು. ಒಂದು ಬೆಳಿಗ್ಗೆ ಅವನ ದಿಂಬಿನ ಮೇಲೆ ಹಿಂದಿನ ರಾತ್ರಿಯ ಸಾರಿನ ಹಳದಿ ಕಲೆ ಇತ್ತು, ಹುಳಿ ವಾಸನೆ ಬೇರೆ. ಮೇಲೆ ಬಂದದ್ದು ಶ್ವಾಸಕೋಶಕ್ಕೂ ಇಳಿಯುತ್ತಿತ್ತು. ಹೀಗೇ ಪದೇ ಪದೇ ನ್ಯುಮೋನಿಯಾ ಆಗುತ್ತದೆ.

ಆಮೇಲೆ ಬೇರಿಯಂ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬಿಳಿ ದ್ರವ) ಕುಡಿಸಿ ಎಕ್ಸ್‌ರೇ ತೆಗೆದಾಗ ಕಾರಣ ಗೊತ್ತಾಯಿತು. ವರ್ಷ ಕಳೆದಂತೆ ಈ ಕರುಳು ಉದ್ದವಾಗಿ, ಅಗಲವಾಗಿ, ಜೋತುಬಿದ್ದು ಮಡಚಿಕೊಳ್ಳಬಹುದು. ನೀರಿನ ಪೈಪು ಮಡಚಿದರೆ ನೀರು ನಿಲ್ಲುತ್ತದಲ್ವಾ, ಹಾಗೆ ಊಟ ಅಲ್ಲೇ ನಿಲ್ಲುತ್ತದೆ. ಕುತ್ತಿಗೆಯಲ್ಲಿ ಗುಳುಗುಳು ಸದ್ದು, ಬಾಯಿ ವಾಸನೆ, ನಿನ್ನೆ ತಿಂದದ್ದು ಇವತ್ತು ವಾಂತಿಯಲ್ಲಿ ಬರುವುದು, ಇವೆಲ್ಲ ಅದರ ಗುರುತು. ಜಾಸ್ತಿಯಾದರೆ ಮತ್ತೆ ಆಪರೇಷನ್ ಮಾಡಿ ಸರಿಪಡಿಸಬೇಕಾಗುತ್ತದೆ.

ಕುತ್ತಿಗೆಯ ಜೋಡಣೆ ಕಿರಿದಾಗುವುದು ಇನ್ನೊಂದು ತೊಂದರೆ. ಹೋದ ತಿಂಗಳು ಆರಾಮಾಗಿ ಇಳಿಯುತ್ತಿದ್ದ ಇಡ್ಲಿ ಈಗ ಸಿಕ್ಕಿಕೊಳ್ಳುತ್ತಿದ್ದರೆ ಎಂಡೋಸ್ಕೋಪಿಗೆ ಹೋಗಿ. ಒಳಗಿಂದಲೇ ಹಿಗ್ಗಿಸುತ್ತಾರೆ, ಕೆಲವರಿಗೆ ಹಲವು ಸಲ ಬೇಕಾಗುತ್ತದೆ. ಹಿಗ್ಗಿಸಿದ ಮೇಲೆ ಎದೆನೋವು, ಜ್ವರ ಅಥವಾ ಕುತ್ತಿಗೆ ಊತ ಬಂದರೆ ತಕ್ಷಣ ಆಸ್ಪತ್ರೆಗೆ ವಾಪಸ್ ಹೋಗಿ. ನಾವು ಮುದ್ದೆಯನ್ನು ಅಗಿಯದೆ ನುಂಗುವವರು. ಇವರಿಗೆ ಅದು ಬೇಡ, ಅದೇ ರಾಗಿಯ ಅಂಬಲಿ ಕೊಡಿ. ಮಾಂಸದ ತುಂಡು, ಒಣ ಚಪಾತಿ, ನುಗ್ಗೆಕಾಯಿ ನಾರು ಹುಷಾರು. ದೊಡ್ಡ ಮಾತ್ರೆ ನುಂಗಲಾಗದಿದ್ದರೆ ಸಿರಪ್ ಇದೆಯಾ ಕೇಳಿ, ಕೇಳದೆ ಪುಡಿ ಮಾಡಬೇಡಿ.

ಪಾಯಸ ಕುಡಿದ ಸ್ವಲ್ಪ ಹೊತ್ತಿಗೆ ಬೆವರು, ಎದೆ ಡವಡವ, ಭೇದಿ ಆಗುತ್ತಿದ್ದರೆ ಸಿಹಿ ಕಡಿಮೆ ಮಾಡಿ, ಊಟದ ಜೊತೆ ನೀರೂ ಕಡಿಮೆ ಇರಲಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ.

ಎದೆಗೆ ಹೋದರೂ ಅದು ದೊಡ್ಡಕರುಳೇ. ಅಪರೂಪಕ್ಕೆ ಅದರಲ್ಲೂ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು), ಕ್ಯಾನ್ಸರ್ ಬರಬಹುದು. ಸುಟ್ಟ ಹಳೆ ಅನ್ನನಾಳ ತೆಗೆದಿದ್ದಾರಾ, ಒಳಗೇ ಬಿಟ್ಟಿದ್ದಾರಾ ಎಂದು ಕೇಳಿ ತಿಳಿದುಕೊಳ್ಳಿ. ಬಿಟ್ಟಿದ್ದರೆ ದಶಕಗಳ ನಂತರ ಅದರಲ್ಲೂ ಕ್ಯಾನ್ಸರ್ ಆಗುವ ಸಾಧ್ಯತೆ ಇದೆ. ಎಷ್ಟು ವರ್ಷಕ್ಕೊಮ್ಮೆ ಪರೀಕ್ಷೆ ಬೇಕು ಎಂದು ನಿಮ್ಮ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ.

ಆಪರೇಷನ್ ವಿವರದ ಕಾಗದದ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ಬೇರೆ ಯಾವ ಆಪರೇಷನ್‌ಗೆ ಹೋದರೂ ಅರಿವಳಿಕೆ ಡಾಕ್ಟರಿಗೆ ಅದನ್ನು ಮೊದಲೇ ತೋರಿಸಿ, ಯಾಕೆಂದರೆ ಎಂಟು ಗಂಟೆ ಉಪವಾಸ ಇದ್ದರೂ ಒಳಗೆ ಊಟ ಉಳಿದಿರಬಹುದು. ಹೃದಯದ ಆಪರೇಷನ್ ಆದರಂತೂ ಹೇಳಲೇಬೇಕು, ಎದೆಮೂಳೆ ಸೀಳುವ ಜಾಗದಲ್ಲೇ ಈ ಕರುಳು ಇರುತ್ತದೆ. ಮೂಗಿನಿಂದ ನಳಿಕೆ ಹಾಕಲು ಬಂದ ನರ್ಸಿಗೂ ಹೇಳಿ.

ರಕ್ತ ವಾಂತಿ, ಕಪ್ಪು ಮಲ, ಜೋರು ಎದೆನೋವು, ಎಂಜಲೂ ನುಂಗಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಆ ಫೋಟೋ ಹಿಡಿದು ಹೊರಡಿ.