ಹಳೆಯ ಕ್ಯಾಂಪರ್ ವ್ಯಾನ್ ಆರಿಸುವುದು, ಕಾಪಾಡುವುದು ಹೇಗೆ?

ಹಳೆಯ ಕ್ಯಾಂಪರ್ ವ್ಯಾನ್ ಕೊಳ್ಳಲು ಹೋದವರಲ್ಲಿ ಹೆಚ್ಚಿನವರು ಮೊದಲು ಎಂಜಿನ್ ಚಾಲೂ ಮಾಡಿಸಿ ಅದರ ಸದ್ದು ಕೇಳುತ್ತಾರೆ, ಆಮೇಲೆ ಒಳಗಿನ ಹಾಸಿಗೆ, ಪರದೆ, ಒಲೆಗಳನ್ನು ನೋಡಿ ಮೆಚ್ಚುತ್ತಾರೆ, ಕೊನೆಗೆ ಸಮಯ ಉಳಿದರೆ ಗಾಡಿಯ ಅಡಿಗೆ ಬಗ್ಗುತ್ತಾರೆ. ಈ ಕ್ರಮವನ್ನು ಪೂರ್ತಿಯಾಗಿ ತಿರುವಿ ಹಾಕಬೇಕು. ಕೆಟ್ಟ ಎಂಜಿನ್ ಅನ್ನು ಅನುಭವಿ ಮೆಕ್ಯಾನಿಕ್ ಒಂದೇ ದಿನದಲ್ಲಿ ಇಳಿಸಿ ಬೇರೊಂದನ್ನು ಕೂರಿಸಬಲ್ಲ. ತುಕ್ಕು ತಿಂದ ಬಾಡಿಯನ್ನು ಸರಿಪಡಿಸಲು ತಿಂಗಳುಗಟ್ಟಲೆ ಟಿಂಕರಿಂಗ್ ಮತ್ತು ವೆಲ್ಡಿಂಗ್ ಬೇಕಾಗುತ್ತದೆ, ಅದರ ಖರ್ಚು ಎಷ್ಟೋ ಸಲ ವ್ಯಾನಿಗೆ ಕೊಟ್ಟ ಬೆಲೆಯನ್ನೇ ಮೀರುತ್ತದೆ. ಜರ್ಮನಿ, ಬ್ರಿಟನ್‌ಗಳಲ್ಲಿ ನೆಲೆಸಿ, ಇಂಥದೊಂದು ವ್ಯಾನಿನಲ್ಲಿ ಯುರೋಪ್ ಸುತ್ತುವ ಆಸೆ ಇಟ್ಟುಕೊಂಡಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಬರೆದ ಈ ಲೇಖನದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಎರಡನೇ ಮತ್ತು ಮೂರನೇ ಪೀಳಿಗೆಯ ವ್ಯಾನುಗಳಾದ ಟಿ2 ಮತ್ತು ಟಿ3ಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಯಾವ ಮಾದರಿ?

ಫೋಕ್ಸ್‌ವ್ಯಾಗನ್‌ನ ಬೀಟಲ್ ಕಾರುಗಳನ್ನು ಆಮದು ಮಾಡಿಕೊಳ್ಳಲು ಹೊರಟಿದ್ದ ಡಚ್ ವ್ಯಾಪಾರಿ ಬೆನ್ ಪಾನ್, ಆ ಕಂಪನಿಯ ವೋಲ್ಫ್ಸ್‌ಬರ್ಗ್ ಕಾರ್ಖಾನೆಯೊಳಗೆ ಬಿಡಿಭಾಗ ಸಾಗಿಸಲು ಬಳಸುತ್ತಿದ್ದ ತೆರೆದ ಗಾಡಿಯನ್ನು ಕಂಡು, 1947ರ ಏಪ್ರಿಲ್‌ನಲ್ಲಿ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ಚಿತ್ರ ಬರೆದರು: ಮುಂದೆ ಚಾಲಕ, ಹಿಂದೆ ಎಂಜಿನ್, ನಡುವೆ ಸರಕು. ಆ ಚಿತ್ರದಿಂದ ಹುಟ್ಟಿದ ವ್ಯಾನಿನ ತಯಾರಿಕೆ 1950ರ ಮಾರ್ಚ್‌ನಲ್ಲಿ ಆರಂಭವಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿಯು ಅದರೊಳಗೆ ಮಲಗಲು, ಅಡುಗೆ ಮಾಡಲು ಬೇಕಾದ ಪೆಟ್ಟಿಗೆಗಳನ್ನು ಜೋಡಿಸಿಕೊಟ್ಟಿತು. ಮುಂದಿನ ಗಾಜು ಎರಡು ತುಂಡಾಗಿರುವ ಮೊದಲ ಪೀಳಿಗೆಯ ಟಿ1 ಈಗ ಸಂಗ್ರಾಹಕರ ಪಾಲಾಗಿದ್ದು, ಅದರ ಬೆಲೆ ಪ್ರವಾಸಿಗರ ಕೈಗೆಟುಕುವಂತಿಲ್ಲ. ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾದ ಟಿ2 ಮತ್ತು 1979ರ ನಂತರದ ಟಿ3 ಪ್ರಯಾಣಕ್ಕೆ ಒಪ್ಪುವ ಆಯ್ಕೆಗಳು.

ಟಿ2ರ ಉದ್ದ ಸುಮಾರು ನಾಲ್ಕೂವರೆ ಮೀಟರ್, ಅಂದರೆ ಇಂದಿನ ಸಾಧಾರಣ ಸೆಡಾನ್ ಕಾರಿನಷ್ಟೇ. ಅಷ್ಟರೊಳಗೆ ಮಡಚುವ ಹಾಸಿಗೆ, ಸಿಂಕ್, ಎರಡು ಬರ್ನರ್‌ಗಳ ಒಲೆ, ಮೇಲೆತ್ತಿದರೆ ಮಕ್ಕಳು ಮಲಗಬಹುದಾದ ಚಾವಣಿ ಎಲ್ಲವೂ ಕೂಡಿವೆ. ಹಳೆಯ ಊರುಗಳ ಇಕ್ಕಟ್ಟಾದ ಬೀದಿಗಳಲ್ಲಿ ದೊಡ್ಡ ಮೋಟರ್‌ಹೋಮ್‌ಗಳು ಹಿಂದಿರುಗಬೇಕಾದ ಕಡೆ ಇದು ಸಲೀಸಾಗಿ ನುಗ್ಗಿ ನಿಲ್ಲುತ್ತದೆ. ಇದರ ನಿಜವಾದ ಹಿರಿಮೆ ಮಾತ್ರ ಬೇರೆಯೇ ಇದೆ: ಎಂಜಿನ್ನಿನ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಸಾಮಾನ್ಯ ಸ್ಪ್ಯಾನರ್‌ಗಳಿಗೆ ಬಗ್ಗುತ್ತದೆ. 1960 ಮತ್ತು 70ರ ದಶಕಗಳಲ್ಲಿ ಯುರೋಪಿನ ಯುವಜನರು ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ಭಾರತದವರೆಗೂ ಇಂಥ ವ್ಯಾನುಗಳಲ್ಲಿ ಬರಲು ಸಾಧ್ಯವಾದದ್ದು ಈ ಸರಳತೆಯಿಂದಲೇ. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಗಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಆ ದಾರಿಯನ್ನು ಮುಚ್ಚಿಬಿಟ್ಟವು. 1600 ಸಿಸಿಯ ಟಿ2ರಲ್ಲಿರುವ ಎಂಜಿನ್ 2.1 ಕೋಟಿಗೂ ಹೆಚ್ಚು ತಯಾರಾದ ಬೀಟಲ್ ಕಾರಿನ ವಂಶದ್ದೇ ಆದ್ದರಿಂದ, ಮತ್ತು ಬ್ರೆಜಿಲ್‌ನಲ್ಲಿ ಟಿ2 ತಯಾರಿಕೆ 2013ರವರೆಗೂ ನಡೆದದ್ದರಿಂದ, ಬಿಡಿಭಾಗಗಳಿಗೆ ಇಂದಿಗೂ ಕೊರತೆಯಿಲ್ಲ.

ಟಿ3 ಒಳಗೆ ಇನ್ನಷ್ಟು ವಿಶಾಲ, ರಸ್ತೆಯ ಮೇಲೆ ಇನ್ನಷ್ಟು ಸ್ಥಿರ. 1982ರ ಕೊನೆಯವರೆಗೆ ಅದರ ಪೆಟ್ರೋಲ್ ಎಂಜಿನ್ ಕೂಡ ಟಿ2ರದರಂತೆ ಗಾಳಿಯಿಂದ ತಣಿಯುವಂಥದು, ಅನಂತರ ನೀರಿನಿಂದ ತಣಿಯುವಂಥದು. ಪುಟ್ಟ ಮಕ್ಕಳಿರುವ ಕುಟುಂಬಕ್ಕೆ, ಅದರಲ್ಲೂ ಚಳಿಗಾಲದಲ್ಲಿ ಓಡಾಡುವವರಿಗೆ, ನೀರಿನ ಎಂಜಿನ್ನಿನ ಟಿ3 ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರ ಹೀಟರ್ ನಿಜವಾಗಿ ಬೆಚ್ಚಗಿಡುತ್ತದೆ. ಸ್ವತಃ ಸ್ಪ್ಯಾನರ್ ಹಿಡಿದು ಕಲಿಯುವ ಉತ್ಸಾಹವಿರುವವರು ಟಿ2 ಕೊಳ್ಳಲಿ.

ತಗಡಿನ ಪರೀಕ್ಷೆ

ವ್ಯಾನ್ ನೋಡಲು ಹಗಲಿನಲ್ಲೇ ಹೋಗಬೇಕು, ಮಳೆಯಲ್ಲಿ ನೆನೆದಿರುವಾಗ ನೋಡಬಾರದು. ನೀರಿನ ಹೊಳಪು ಬಣ್ಣದ ದೋಷಗಳನ್ನು ಮುಚ್ಚುತ್ತದೆ. ಒಂದು ಟಾರ್ಚ್, ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತ ಮತ್ತು ನೆಲದ ಮೇಲೆ ಹಾಸಲು ಒಂದು ಹಳೆಯ ಚಾಪೆ ಜೊತೆಗಿರಲಿ. ಅಯಸ್ಕಾಂತವನ್ನು ಚಕ್ರದ ಕಮಾನುಗಳ ಸುತ್ತ, ಬಾಗಿಲುಗಳ ಕೆಳ ಅಂಚಿನಲ್ಲಿ, ಹೆಡ್‌ಲೈಟ್‌ಗಳ ಕೆಳಗೆ ಮೆಲ್ಲನೆ ಸರಿಸುತ್ತ ಹೋದರೆ, ಅದು ಹಿಡಿತ ಬಿಡುವ ಜಾಗದಲ್ಲಿ ತಗಡಿಗೆ ಬದಲು ದಪ್ಪ ಪುಟ್ಟಿ ತುಂಬಿದ್ದಾರೆಂದು ತಿಳಿಯಬೇಕು.

ಬಳಿಕ ಚಾಪೆಯ ಮೇಲೆ ಮಲಗಿ ಅಡಿಭಾಗವನ್ನು ನೋಡಬೇಕು. ಈ ವ್ಯಾನುಗಳಿಗೆ ಲಾರಿಗಳಂತೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇಲ್ಲ. ಅಡಿಯ ಬೀಮುಗಳು, ಅಡ್ಡಪಟ್ಟಿಗಳು, ಬಾಗಿಲಿನ ಕೆಳಗೆ ಉದ್ದಕ್ಕೂ ಸಾಗುವ ಪೆಟ್ಟಿಗೆಯಾಕಾರದ ಸಿಲ್‌ಗಳು ಒಂದಕ್ಕೊಂದು ವೆಲ್ಡ್ ಆಗಿ, ಎಲ್ಲವೂ ಸೇರಿ ಭಾರ ಹೊರುತ್ತವೆ. ಹೊರಗಿನ ಸಿಲ್ ಹೊಸದಾಗಿ ಹೊಳೆಯುತ್ತಿದ್ದು ಒಳಗಿನದು ಪುಡಿಯಾಗಿರುವುದು ತೀರ ಸಾಮಾನ್ಯ ಮೋಸ. ಆದ್ದರಿಂದ ಜ್ಯಾಕ್ ಕೊಡುವ ಜಾಗಗಳನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಬೇಕು, ಮಾಲೀಕರು ಒಪ್ಪಿದರೆ ಅಲ್ಲೇ ಜ್ಯಾಕ್ ಇಟ್ಟು ಎತ್ತಿಸಬೇಕು. ಎತ್ತಿದಾಗ ಪಕ್ಕದ ಸರಿಯುವ ಬಾಗಿಲು ಬಿಗಿದುಕೊಂಡರೆ ಬಾಡಿ ಬಾಗುತ್ತಿದೆ ಎಂದರ್ಥ. ಆ ವ್ಯಾನ್ ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. ಟಿ2ರಲ್ಲಿ ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ರಬ್ಬರ್ ಸುತ್ತಲಿನ ಚೌಕಟ್ಟು, ಚಾವಣಿಯ ಮಳೆನೀರು ಹರಿಯುವ ಅಂಚು ಇವನ್ನು ಮರೆಯಬಾರದು. ಟಿ3ರಲ್ಲಿ ತಗಡುಗಳು ಕೂಡುವ ಸಂದುಗಳೇ ರೋಗದ ತವರು: ಸಂದಿನೊಳಗಿನ ಸೀಲಂಟ್ ಒಣಗಿ ಬಿರಿದು ನೀರು ಇಳಿಯುತ್ತದೆ, ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ಒಳಗೆ ತುಕ್ಕು ಬಹಳ ದೂರ ಹೋಗಿರುತ್ತದೆ. ಗಟ್ಟಿ ಬಾಡಿಯ ವ್ಯಾನ್ ದೊರೆತರೆ ಅದೇ ಬೇಸಿಗೆಯಲ್ಲಿ, ಒಳಗೆಲ್ಲ ಚೆನ್ನಾಗಿ ಒಣಗಿದ ಮೇಲೆ, ಎಲ್ಲ ಟೊಳ್ಳು ಭಾಗಗಳಿಗೂ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಬೇಕು.

ಎಂಜಿನ್ನಿನ ಬಿಸಿ

1600 ಸಿಸಿಯ ಟಿ2 ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಒಂದು ಬೆಲ್ಟ್ ಡೈನಮೊವನ್ನು ತಿರುಗಿಸುತ್ತದೆ, ಅದೇ ದಂಡಕ್ಕೆ ಕೂಡಿದ ಫ್ಯಾನ್ ನಾಲ್ಕೂ ಸಿಲಿಂಡರ್‌ಗಳ ಮೇಲೆ ಗಾಳಿ ಬೀಸುತ್ತದೆ. ಓಡುತ್ತಿರುವಾಗ ಚಾರ್ಜಿಂಗ್‌ನ ಕೆಂಪು ದೀಪ ಹೊತ್ತಿಕೊಂಡರೆ ಬೆಲ್ಟ್ ತುಂಡಾಗಿರಬಹುದು, ಹಾಗಾದರೆ ಗಾಳಿ ನಿಂತಿದೆ. ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ ಎನ್ನದೆ ಆ ಕ್ಷಣವೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಒಂದು ಹೊಸ ಬೆಲ್ಟ್ ಮತ್ತು ಅದನ್ನು ಹಾಕಲು ಬೇಕಾದ ಸ್ಪ್ಯಾನರ್ ಸದಾ ವ್ಯಾನಿನಲ್ಲಿರಬೇಕು. ಎಂಜಿನ್ ಸುತ್ತಲಿನ ತಗಡಿನ ಹೊದಿಕೆಗಳು ಮತ್ತು ಅಂಚಿನ ರಬ್ಬರ್ ಪಟ್ಟಿ ಬರಿಯ ಅಲಂಕಾರವೆಂದು ಭಾವಿಸಿ ತೆಗೆದು ಹಾಕಿದ ಗಾಡಿಗಳನ್ನು ಬಹಳ ಕಾಣುತ್ತೇವೆ. ಕೆಳಗಿನ ಬಿಸಿ ಗಾಳಿಯನ್ನು ಮೇಲಿನ ತಂಪು ಗಾಳಿಯಿಂದ ಬೇರ್ಪಡಿಸುವುದೇ ಅವುಗಳ ಕೆಲಸ; ಅವಿಲ್ಲದಿದ್ದರೆ ಎಂಜಿನ್ ತಾನೇ ಉಗುಳಿದ ಬಿಸಿಯನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ.

ತಣಿಸುವ ಕೆಲಸದಲ್ಲಿ ಆಯಿಲ್‌ಗೂ ಪಾಲಿದೆ. ಈ ಎಂಜಿನ್ನಿಗೆ ಹಿಡಿಯುವುದು ಎರಡೂವರೆ ಲೀಟರ್ ಮಾತ್ರ, ಆಯಿಲ್ ಫಿಲ್ಟರ್ ಇಲ್ಲ, ಅಡಿಯಲ್ಲಿ ಒಂದು ಜಾಲರಿ ಅಷ್ಟೇ ಇದೆ. ಹಾಗಾಗಿ ಪ್ರತಿ 5,000 ಕಿ.ಮೀ.ಗೆ ಆಯಿಲ್ ಬದಲಿಸಿ, ಜಾಲರಿಯನ್ನು ತೊಳೆದು, ಹೊಸ ಗ್ಯಾಸ್ಕೆಟ್‌ಗಳೊಂದಿಗೆ ಮುಚ್ಚಬೇಕು. ಮುಚ್ಚಳದ ಆರು ನಟ್‌ಗಳನ್ನು ಬಲ ಹಾಕಿ ಬಿಗಿದರೆ ಬೋಲ್ಟ್‌ಗಳು ಮೃದುವಾದ ಲೋಹದಿಂದ ಕಿತ್ತು ಬರುತ್ತವೆ. ಜಾಲರಿಯಲ್ಲಿ ಹೊಳೆಯುವ ಲೋಹದ ಚೂರುಗಳು ಕಂಡರೆ ಪ್ರವಾಸ ಮುಂದೂಡಿ ಎಂಜಿನ್ ಬಿಚ್ಚಿಸುವುದು ಲೇಸು.

ಆಯಿಲ್ ಬದಲಿಸುವಾಗಲೇ ಟ್ಯಾಪೆಟ್, ಅಂದರೆ ವಾಲ್ವ್‌ಗಳ ಸಂದು, ಹೊಂದಿಸಿಕೊಳ್ಳುವ ಅಭ್ಯಾಸ ಒಳ್ಳೆಯದು. ಎಂಜಿನ್ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು. ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್, ಡಿಸ್ಟ್ರಿಬ್ಯೂಟರಿನ ಅಂಚಿನ ಗೀರಿಗೆ ನೇರವಾಗಿ, ಪುಲ್ಲಿಯ ಗುರುತು ಎಂಜಿನ್ನಿನ ನಡುಸಂದಿಗೆ ಎದುರಾಗಿ ನಿಂತಾಗ ಒಂದನೇ ಸಿಲಿಂಡರಿನ ಎರಡೂ ವಾಲ್ವ್‌ಗಳು ಮುಚ್ಚಿರುತ್ತವೆ. ಆಗ ಎರಡಕ್ಕೂ 0.15 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತುಸು ಹಿಡಿದು ಜಾರುವಂತೆ ಹೊಂದಿಸಬೇಕು. ಪುಲ್ಲಿಯನ್ನು ಅಪ್ರದಕ್ಷಿಣವಾಗಿ ಅರ್ಧ ಸುತ್ತು ತಿರುಗಿಸಿದರೆ ಎರಡನೆಯದು, ಮತ್ತರ್ಧ ಸುತ್ತಿಗೆ ಮೂರನೆಯದು, ಇನ್ನರ್ಧಕ್ಕೆ ನಾಲ್ಕನೆಯದು ಸಿಗುತ್ತದೆ. ಕೊಂಚ ಟಕಟಕ ಸದ್ದು ಮಾಡುವ ವಾಲ್ವ್‌ಗೆ ಅಂಜಬೇಕಿಲ್ಲ. ಸದ್ದೇ ಇಲ್ಲದಷ್ಟು ಬಿಗಿಯಾದ ವಾಲ್ವ್ ಸರಿಯಾಗಿ ಮುಚ್ಚದೆ, ತನ್ನ ಬಿಸಿಯನ್ನು ಸಿಲಿಂಡರಿನ ಮುಚ್ಚಳವಾದ ಹೆಡ್‌ಗೆ ದಾಟಿಸಲಾರದೆ ಸುಟ್ಟುಹೋಗುತ್ತದೆ. ಪ್ರತಿಬಾರಿಯ ಅಳತೆಯನ್ನು ಪುಸ್ತಕವೊಂದರಲ್ಲಿ ಬರೆದಿಟ್ಟರೆ ಯಾವ ವಾಲ್ವ್‌ನ ಸಂದು ಪದೇ ಪದೇ ಕಿರಿದಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ಹಾಗೆ ಕಿರಿದಾಗುತ್ತಿದ್ದರೆ ವಾಲ್ವ್‌ನ ಕಡ್ಡಿ ಎಳೆದುಕೊಳ್ಳುತ್ತಿರಬಹುದು, ಇಲ್ಲವೇ ಅದರ ಪೀಠ ಸವೆಯುತ್ತಿರಬಹುದು. ಅದು ಮುರಿದು ಪಿಸ್ಟನ್ ಮೇಲೆ ಬೀಳುವ ಮೊದಲೇ ಹೆಡ್ ಇಳಿಸಿ ನೋಡುವುದು ಉಚಿತ.

ನೀರಿನ ಎಂಜಿನ್ನಿನ ಟಿ3ರಲ್ಲಿ ಈ ಶ್ರಮವಿಲ್ಲ, ಆದರೆ ಸಿಲಿಂಡರ್ ಹೆಡ್‌ನ ರಬ್ಬರ್ ಗ್ಯಾಸ್ಕೆಟ್ ಸೋರುವುದು ಅದರ ಹುಟ್ಟುಗುಣ. ಫಾಸ್ಫೇಟ್ ಇಲ್ಲದ ಸರಿಯಾದ ಕೂಲಂಟ್ (ಎಂಜಿನ್ ತಣಿಸುವ ದ್ರವ) ಅನ್ನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿದ್ದರೆ ಹೆಡ್‌ನ ಲೋಹ ಕೊರೆದುಹೋಗದೆ ಉಳಿಯುತ್ತದೆ. ಬರಿಯ ನಲ್ಲಿ ನೀರನ್ನು ತುಂಬುತ್ತ ಬಂದ ಎಂಜಿನ್ ಬಾಳುವುದಿಲ್ಲ.

ಬೆಂಕಿ ಮತ್ತು ಹೊಗೆ

ಇಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಇಂದಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿರುತ್ತದೆ. ಬ್ರಿಟನ್‌ನಲ್ಲಿ 2021ರಿಂದ ಶೇ 10ರವರೆಗೆ ಬೆರೆಸಿದ ಇ10 ಸಾಮಾನ್ಯ ಇಂಧನವಾಗಿದೆ. ಹಳೆಯ ಬಗೆಯ ರಬ್ಬರ್ ಪೈಪ್‌ಗಳನ್ನು ಎಥನಾಲ್ ಒಳಗಿನಿಂದ ಕೆಡಿಸುತ್ತದೆ, ಮೇಲಿನ ಬಟ್ಟೆಯ ಹೊದಿಕೆ ಆ ಬಿರುಕನ್ನು ಕಾಣಗೊಡುವುದಿಲ್ಲ. ಸೋರಿದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಬಿದ್ದರೆ ವ್ಯಾನ್ ನಿಮಿಷಗಳಲ್ಲಿ ಉರಿದುಹೋಗುತ್ತದೆ, ಬೀಟಲ್ ವಂಶದ ಎಂಜಿನ್ನಿನ ಒಡಲು ಮೆಗ್ನೀಸಿಯಂ ಮಿಶ್ರಲೋಹದ್ದಾದ್ದರಿಂದ ಅದಕ್ಕೊಮ್ಮೆ ಬೆಂಕಿ ಹತ್ತಿದರೆ ನೀರಿನಿಂದ ಆರಿಸಲಾಗದು. ಕೊಂಡ ವಾರದಲ್ಲೇ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪ್‌ಗಳನ್ನು, ಕ್ಲಿಪ್‌ಗಳ ಸಮೇತ, ಎಥನಾಲ್ ತಡೆಯುವ ‘ಆರ್9’ ಗುರುತಿನ ಪೈಪ್‌ಗಳಿಗೆ ಬದಲಿಸಬೇಕು. ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಚಾಲಕನ ಕೈಗೆಟುಕುವಲ್ಲಿರಬೇಕು.

ಗಾಳಿಯ ಎಂಜಿನ್ನಿನ ವ್ಯಾನುಗಳಲ್ಲಿ ಒಳಗಿನ ಹೀಟರಿಗೆ ಬಿಸಿ ಸಿಗುವುದು ಸೈಲೆನ್ಸರ್ ಕೊಳವೆಯ ಸುತ್ತಲಿನ ಪೆಟ್ಟಿಗೆಗಳಿಂದ. ಅವು ತುಕ್ಕು ಹಿಡಿದು ತೂತಾದರೆ ಹೊಗೆ ನೇರವಾಗಿ ಜನರು ಕೂರುವಲ್ಲಿಗೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ; ಅದನ್ನು ಗುರುತಿಸಿ ಕೂಗುವ ಅಲಾರಂ ಒಂದನ್ನು ಹಾಸಿಗೆಯ ಬಳಿ ಇಡದೆ ಒಂದು ರಾತ್ರಿಯೂ ಮಲಗಬಾರದು. ಅಡುಗೆಯ ಗ್ಯಾಸ್ ಒಲೆಯನ್ನು ಚಳಿ ಕಾಯಲು ಎಂದೂ ಉರಿಸಬಾರದು. ಜರ್ಮನಿಯಲ್ಲಿ ಗ್ಯಾಸ್ ಜೋಡಣೆಯನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ರಬ್ಬರ್ ಕೊಳವೆ ಮತ್ತು ರೆಗ್ಯುಲೇಟರ್ ಹತ್ತು ವರ್ಷಕ್ಕೆ ಬದಲಾಗಬೇಕು. ಹಿಮದ ದಿನಗಳಲ್ಲಿ ಬ್ಯುಟೇನ್ ಸಿಲಿಂಡರ್ ಉರಿಯುವುದಿಲ್ಲ, ಪ್ರೊಪೇನ್ ಬೇಕು.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲಿ. 1970ರ ಆಗಸ್ಟ್ ನಂತರದ ಟಿ2ರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ, ಬೆಟ್ಟ ಇಳಿಯುವವರಿಗೆ ಅದೇ ಮೇಲು. ಟೈರ್‌ಗಳು ಭಾರ ಹೊರುವ ವರ್ಗದ 185 ಆರ್14 ಸಿ ಅಳತೆಯವೇ ಆಗಿರಬೇಕು.

ಕಾಗದಪತ್ರ

ಜರ್ಮನಿಯಲ್ಲಿ ನೋಂದಣಿಯಾಗಿ 30 ವರ್ಷ ದಾಟಿ ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ‘ಎಚ್’ ನಂಬರ್ ಪ್ಲೇಟ್ ಸಿಗುತ್ತದೆ. ತೆರಿಗೆ ವರ್ಷಕ್ಕೆ 191.73 ಯೂರೊ, ನಗರಗಳ ಮಾಲಿನ್ಯ ನಿಯಂತ್ರಣ ವಲಯಗಳಿಗೂ ಪ್ರವೇಶವಿದೆ. ಬ್ರಿಟನ್‌ನಲ್ಲಿ 40 ವರ್ಷ ದಾಟಿದ ವಾಹನಕ್ಕೆ ರಸ್ತೆ ತೆರಿಗೆಯಿಲ್ಲ, ದೊಡ್ಡ ಬದಲಾವಣೆ ಮಾಡಿರದಿದ್ದರೆ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಕಡ್ಡಾಯವಲ್ಲದಿದ್ದರೂ ಮಾಡಿಸುವುದೇ ಕ್ಷೇಮ.

ದಾರಿಯಲ್ಲಿ

ಐವತ್ತು ಅಶ್ವಶಕ್ತಿಯ ಟಿ2ರ ಸುಖದ ವೇಗ ಗಂಟೆಗೆ 80ರಿಂದ 90 ಕಿ.ಮೀ. ಅದಕ್ಕಿಂತ ಜೋರಾಗಿ ದುಡಿಸಿದರೆ ಆಯಿಲ್ ಕಾಯುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ. ದಿನಕ್ಕೆ ಇನ್ನೂರೈವತ್ತು ಕಿ.ಮೀ. ಮೀರದಂತೆ, ಹೆದ್ದಾರಿ ಬಿಟ್ಟು ಹಳ್ಳಿದಾರಿಗಳನ್ನು ಹಿಡಿದು ಯೋಜಿಸಿದ ಪ್ರವಾಸವೇ ಇದಕ್ಕೆ ತಕ್ಕದ್ದು, ಕೂತವರಿಗೂ ಊರುಗಳು ಆಗಲೇ ಕಾಣುವುದು. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆಯಂತೆ 2,500 ಮೀಟರ್ ಎತ್ತರಕ್ಕೆ ಏರುವ ಕಡೆ ಎರಡನೇ ಗೇರ್‌ನಲ್ಲಿ, ಎಂಜಿನ್ ಗೊಣಗದಷ್ಟು ಚುರುಕಾಗಿ ಏರಬೇಕು; ಮೇಲಿನ ಗೇರ್‌ನಲ್ಲಿ ಒದ್ದಾಡಿಸಿದರೆ ಫ್ಯಾನ್ ನಿಧಾನಿಸಿ ಬಿಸಿ ಹೆಚ್ಚುತ್ತದೆ. ಇಳಿಯುವಾಗಲೂ ಅದೇ ಗೇರ್ ಇರಲಿ. ಸೇತುವೆಗಳ ಮೇಲೆ, ಲಾರಿ ಹಿಂದಿಕ್ಕುವಾಗ ಅಡ್ಡಗಾಳಿ ವ್ಯಾನನ್ನು ತಳ್ಳುತ್ತದೆ, ಎರಡೂ ಕೈ ಸ್ಟೇರಿಂಗ್ ಮೇಲಿರಬೇಕು. ಪ್ರತಿದಿನ ಬೆಳಿಗ್ಗೆ ಹೊರಡುವ ಮೊದಲು ಆಯಿಲ್ ಕಡ್ಡಿ, ಬೆಲ್ಟ್, ಎಂಜಿನ್ ಕೋಣೆಯಲ್ಲಿ ಪೆಟ್ರೋಲ್ ವಾಸನೆ ಇವಿಷ್ಟನ್ನು ನೋಡಲು ಐದು ನಿಮಿಷ ಸಾಕು. ಮಳೆಯಲ್ಲಿ ಚಾವಣಿ ಮಡಚಬೇಕಾಗಿ ಬಂದರೆ ಅಂದು ಸಂಜೆಯೇ ಮತ್ತೆ ಎತ್ತಿ ಕ್ಯಾನ್ವಾಸ್ ಒಣಗಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಚಳಿಗಾಲದಲ್ಲಿ

ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ವ್ಯಾನನ್ನು ಗಾಳಿಯಾಡುವ ಒಣ ಶೆಡ್‌ನಲ್ಲಿ ನಿಲ್ಲಿಸುವುದೇ ಸರಿ. ನಿಲ್ಲಿಸುವ ಮುನ್ನ ಆಯಿಲ್ ಬದಲಿಸಿ, ಪೆಟ್ರೋಲ್ ಟ್ಯಾಂಕ್ ಪೂರ್ತಿ ತುಂಬಿಸಿ, ಸಿಂಕ್‌ನ ಪಂಪು ಮತ್ತು ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ಖಾಲಿ ಮಾಡಿ, ಗ್ಯಾಸ್ ಸಿಲಿಂಡರನ್ನು ಹೊರತೆಗೆಯಬೇಕು. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಡ್ರಮ್‌ಗೆ ಅಂಟಿಕೊಳ್ಳುವುದುಂಟು, ಚಕ್ರಗಳಿಗೆ ಮರದ ತುಂಡು ಕೊಡುವುದು ಉತ್ತಮ. ವಸಂತದಲ್ಲಿ ಬ್ಯಾಟರಿ ಜೋಡಿಸುವ ಮೊದಲು ಫ್ಯಾನ್ ಹೊದಿಕೆಯೊಳಗೆ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬಾರದು: ಬೆಚ್ಚಗಿನ ಆ ಜಾಗದಲ್ಲಿ ಇಲಿಗಳು ಹುಲ್ಲು, ಹತ್ತಿ ತಂದು ಗೂಡು ಕಟ್ಟುತ್ತವೆ, ಅದನ್ನು ತೆಗೆಯದೆ ಹೊರಟರೆ ಗಾಳಿ ತಲುಪದ ಸಿಲಿಂಡರ್ ಮೊದಲ ಏರಿನಲ್ಲೇ ಸುಡುತ್ತದೆ.