ಶಾಮ್‌ಬರ್ಗ್‌ನಲ್ಲಿ ಎರಡು ವಾರ: ಊಟಕ್ಕೇನು, ಶನಿವಾರ-ಭಾನುವಾರಕ್ಕೇನು

ಶಿಕಾಗೋಗೆ ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿ ಹೊರಟವರು ಬಂದಿಳಿಯುವುದು ಎಷ್ಟೋ ಸಲ ಶಾಮ್‌ಬರ್ಗ್‌ನಲ್ಲಿ. ಶಿಕಾಗೋ ನಗರಮಧ್ಯದಿಂದ ವಾಯವ್ಯಕ್ಕೆ ಸುಮಾರು 45 ಕಿ.ಮೀ. ದೂರದ ಈ ಉಪನಗರದಲ್ಲಿ ಆಫೀಸುಗಳಿವೆ, ತಂಗುವ ಹೋಟೆಲುಗಳಿವೆ, 1971ರಲ್ಲಿ ತೆರೆದ ವುಡ್‌ಫೀಲ್ಡ್ ಮಾಲ್ ಇದೆ. ಇವೆಲ್ಲದರ ನಡುವೆ ಆರು ಲೇನಿನ ರಸ್ತೆಗಳೂ ಇವೆ. ಕಿಟಕಿಯಿಂದ ಕಾಣುವ ತಿಂಡಿ ಅಂಗಡಿಗೆ ನಡೆದು ಹೋಗೋಣವೆಂದರೆ ಫುಟ್‌ಪಾತ್ ಅರ್ಧಕ್ಕೇ ನಿಂತಿರುತ್ತದೆ. ರಾತ್ರಿ ಒಂಬತ್ತಾದ ಮೇಲೆ ಬಹಳಷ್ಟು ಅಡುಗೆಮನೆಗಳು ಮುಚ್ಚುತ್ತವೆ, ಭಾನುವಾರ ಇನ್ನೂ ಬೇಗ. ಹಸಿವಾದ ಮೇಲೆ ಹುಡುಕುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ರೂಮ್ ಬುಕ್ ಮಾಡುವಾಗಲೇ ಅರ್ಧ ಕೆಲಸ ಮುಗಿಸಿಕೊಳ್ಳಿ. ಕಂಪನಿಯ ಟ್ರಾವೆಲ್ ಡೆಸ್ಕಿಗೆ ‘ಎಕ್ಸ್‌ಟೆಂಡೆಡ್ ಸ್ಟೇ’ ಹೋಟೆಲ್ ಬೇಕೆಂದು ಕೇಳಿ. ಅಂಥ ರೂಮಿನಲ್ಲಿ ದೊಡ್ಡ ಫ್ರಿಜ್, ಎರಡು ಬರ್ನರಿನ ಒಲೆ, ಮೈಕ್ರೋವೇವ್, ಪಾತ್ರೆ-ತಟ್ಟೆ ಇರುತ್ತವೆ. ಬಾಡಿಗೆ ಮಾಮೂಲಿ ರೂಮಿಗಿಂತ ತುಸು ಹೆಚ್ಚಾದರೂ ಐದನೇ ದಿನದ ಹೊತ್ತಿಗೆ ಊಟದ ಖರ್ಚಿನಲ್ಲಿ ಅದು ಸರಿಹೋಗುತ್ತದೆ. ಊರಿನಿಂದ ಪುಟ್ಟ ರೈಸ್ ಕುಕ್ಕರ್ ಮಾತ್ರ ಒಯ್ಯಬೇಡಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮ ಕುಕ್ಕರಿಗೆ ಬೇಕಾದದ್ದು 230. ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ವೋಲ್ಟೇಜು ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಕಿ ಬೇಯುವುದಿಲ್ಲ, ನೆನೆಯುತ್ತದೆ ಅಷ್ಟೆ.

ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಪುಳಿಯೋಗರೆ ಗೊಜ್ಜು ಸಾಕು. ಅಂಗಡಿಯ ಸೀಲ್ ಇರುವ ಪ್ಯಾಕೆಟ್ಟಾದರೆ ಒಳ್ಳೆಯದು. ಅಕ್ಕಿ, ಬೇಳೆ, ಕಾಳು, ಹಣ್ಣು, ತರಕಾರಿ ಬೇಡ. ಹಸಿ ಕರಿಬೇವಂತೂ ಬೇಡವೇ ಬೇಡ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ, ಆದ್ದರಿಂದ ಅದನ್ನು ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ. ಆಹಾರ ತಂದಿದ್ದೀರಾ ಎಂದು ಕೇಳಿದರೆ ಹೌದೆನ್ನಿ. ಹೇಳಿದ ಮೇಲೆ ತಪ್ಪು ವಸ್ತು ಸಿಕ್ಕರೆ ಸಾಮಾನ್ಯವಾಗಿ ಬಿಸಾಡುತ್ತಾರೆ, ಮುಚ್ಚಿಟ್ಟದ್ದು ಸಿಕ್ಕರೆ ದಂಡ ಬೀಳುತ್ತದೆ.

ಮೊದಲ ಸಂಜೆಯ ಖರೀದಿ

ಬಂದ ದಿನ ನಿದ್ದೆಗಣ್ಣಿನಲ್ಲಾದರೂ ಒಮ್ಮೆ ಪಟೇಲ್ ಬ್ರದರ್ಸ್‌ಗೆ ಹೋಗಿಬನ್ನಿ. 1974ರಲ್ಲಿ ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಶುರುವಾದ ಈ ಅಂಗಡಿ ಶಾಮ್‌ಬರ್ಗ್‌ನಲ್ಲೂ ಇದೆ, ದಿನಸಿಗಾಗಿ ನಗರದವರೆಗೆ ಹೋಗಬೇಕಿಲ್ಲ. ಒಬ್ಬರಿಗೆ ಒಂದು ವಾರಕ್ಕೆ ಇಷ್ಟು ಸಾಕು: ಸಿಗುವ ಅತಿ ಚಿಕ್ಕ ಚೀಲದ ಸೋನಾ ಮಸೂರಿ, ಹೆಸರುಬೇಳೆ, ಫ್ರೋಜನ್ ಚಪಾತಿ, ಒಂದು ಡಬ್ಬಿ ಮೊಸರು, ಈರುಳ್ಳಿ, ಟೊಮೇಟೊ, ಹಸಿಮೆಣಸು, ಕೊತ್ತಂಬರಿ, ಕರಿಬೇವು, ಚಿಕ್ಕ ಬಾಟಲಿ ಎಣ್ಣೆ. ತೊಗರಿಬೇಳೆ ಮುಟ್ಟಬೇಡಿ. ಪ್ರೆಶರ್ ಕುಕ್ಕರ್ ಇಲ್ಲದೆ ಅದು ಮುಕ್ಕಾಲು ಗಂಟೆಯಾದರೂ ಒಡೆಯುವುದಿಲ್ಲ. ಹೆಸರುಬೇಳೆ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಬೆಂದು ತೊವ್ವೆಯಾಗುತ್ತದೆ.

ಅಮೆರಿಕನ್ ಸೂಪರ್ ಮಾರ್ಕೆಟ್ಟಿನಿಂದ ಮೊಸರು ತರುವುದಾದರೆ ಡಬ್ಬಿಯ ಮೇಲೆ ‘ಪ್ಲೇನ್’, ‘ಹೋಲ್ ಮಿಲ್ಕ್’ ಎರಡೂ ಇರಬೇಕು. ಬಿಳಿಯಾಗಿದೆ ಎಂದು ವೆನಿಲ್ಲಾ ಮೊಸರು ತಂದು ಅನ್ನಕ್ಕೆ ಕಲಸಿದವರು ಬಹಳ ಜನ. ಕೆಲವು ಮೊಸರಿನಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಜನ್ಯ. ‘ಬಟರ್‌ಮಿಲ್ಕ್’ ಎಂದಿರುವುದು ನಮ್ಮ ಮಜ್ಜಿಗೆಯಲ್ಲ, ಬೇಕರಿ ಕೆಲಸಕ್ಕೆ ಬಳಸುವ ಗಟ್ಟಿ ಹುಳಿ ಹಾಲು. ‘ಹಾಫ್ ಅಂಡ್ ಹಾಫ್’ ಅಂದರೆ ಹಾಲು-ಕೆನೆ ಅರ್ಧರ್ಧ. ಫಿಲ್ಟರ್ ಕಾಫಿಗೆ ಅದು ಚೆನ್ನಾಗಿಯೇ ಹೊಂದುತ್ತದೆ ಅನ್ನಿ.

ರೂಮಿನ ಅಡುಗೆ

ಪೂರ್ತಿ ಊಟವನ್ನು ರೂಮಿನಲ್ಲೇ ಮಾಡಲು ಹೋದರೆ ಸಂಜೆಯೆಲ್ಲ ಪಾತ್ರೆ ತೊಳೆಯುವುದರಲ್ಲೇ ಕಳೆಯುತ್ತದೆ. ಅನ್ನ, ತೊವ್ವೆ, ಮೊಸರು ಇಲ್ಲಿರಲಿ. ಪಲ್ಯಕ್ಕೆ ಹೊರಗಿನದು ಅಥವಾ ತೊಳೆದು ಕತ್ತರಿಸಿ ಪ್ಯಾಕ್ ಮಾಡಿದ ತರಕಾರಿ ಸಾಕು.

ಮೈಕ್ರೋವೇವ್ ಅನ್ನಕ್ಕೆ ಒಂದು ಲೋಟ ಅಕ್ಕಿ ತೊಳೆದು ಎರಡು ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಪಾತ್ರೆ ಅಕ್ಕಿ-ನೀರಿನ ಮೂರರಷ್ಟು ದೊಡ್ಡದಿರಲಿ. ಚಿಕ್ಕದಾದರೆ ಗಂಜಿಯ ನೊರೆ ಉಕ್ಕಿ ತಿರುಗುವ ಗಾಜಿನ ತಟ್ಟೆಯ ಕೆಳಗೆಲ್ಲ ಅಂಟುತ್ತದೆ. ಮುಚ್ಚದೆ ಪೂರ್ತಿ ಪವರಿನಲ್ಲಿ 10 ನಿಮಿಷ, ತಟ್ಟೆ ಮುಚ್ಚಿ ಅರ್ಧ ಪವರಿನಲ್ಲಿ 6 ನಿಮಿಷ, ಆಮೇಲೆ ಬಾಗಿಲು ತೆಗೆಯದೆ 8 ನಿಮಿಷ ಬಿಡಿ. ನಡುವೆ ಕಾಳು ಉಳಿದರೆ ಎರಡು ಚಮಚ ಬಿಸಿನೀರು ಚಿಮುಕಿಸಿ ಇನ್ನೆರಡು ನಿಮಿಷ ಇಡಿ.

ನಿಜವಾದ ಅಪಾಯ ಇರುವುದು ಒಗ್ಗರಣೆಯಲ್ಲಿ. ಇಂಥ ರೂಮುಗಳ ಒಲೆ ಹೆಚ್ಚಾಗಿ ವಿದ್ಯುತ್ತಿನದು. ಸ್ವಿಚ್ ಆರಿಸಿದರೂ ಸುರುಳಿ ಕೆಂಪಗೇ ಇರುತ್ತದೆ, ಎಣ್ಣೆ ಕಾಯುತ್ತಲೇ ಹೋಗುತ್ತದೆ. ಒಲೆ ಮೇಲಿನ ಫ್ಯಾನು ಎಷ್ಟೋ ಕಡೆ ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಜಾಲರಿಯಲ್ಲಿ ಸೋಸಿ ಮತ್ತೆ ರೂಮಿಗೇ ಬಿಡುತ್ತದೆ. ಒಣಮೆಣಸಿನಕಾಯಿ ಕಪ್ಪಾದರೆ ಹೊಗೆಯ ಅಲಾರಂ ಕೂಗುತ್ತದೆ. ಅದು ಇಡೀ ಕಟ್ಟಡದ ಅಲಾರಮ್ಮಿಗೆ ಕೊಂಡಿಯಾಗಿದ್ದರೆ ಎಲ್ಲರೂ ಪಾರ್ಕಿಂಗಿನಲ್ಲಿ ನಿಲ್ಲಬೇಕು, ಫೈರ್ ಎಂಜಿನ್ನೂ ಬರುತ್ತದೆ. ಹಾಗಾಗಿ ಒಂದೇ ಚಮಚ ಎಣ್ಣೆ, ಮಧ್ಯಮ ಉರಿಗಿಂತ ಕಡಿಮೆ, ಮೇಲೊಂದು ಮುಚ್ಚಳ. ಸಾಸಿವೆ ಸಿಡಿದ ಕೂಡಲೇ ಬಾಣಲೆಯನ್ನು ಬರ್ನರಿನಿಂದ ಪಕ್ಕಕ್ಕೆ ಎತ್ತಿಟ್ಟು, ಆಮೇಲೆ ಇಂಗು, ಕರಿಬೇವು, ಮೆಣಸಿನಕಾಯಿ ಹಾಕಿ. ಬಾಣಲೆಯ ಬಿಸಿಯೇ ಅಷ್ಟಕ್ಕೆ ಸಾಕು. ಡಿಟೆಕ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಅದು ದಂಡಕ್ಕೆ ದಾರಿ.

ಹೊರಗೆ ತಿನ್ನುವಾಗ

ಸಸ್ಯಾಹಾರಿಗಳಿಗೆ ಗೋಚರ ಮಾಂಸ ತೊಂದರೆಯಲ್ಲ, ಅಡಗಿರುವುದೇ ತೊಂದರೆ. ಅಮೆರಿಕದ ಮೆಕ್‌ಡೊನಾಲ್ಡ್ಸ್ ಫ್ರೆಂಚ್ ಫ್ರೈಸ್‌ನ ಘಟಕಗಳ ಪಟ್ಟಿಯಲ್ಲೇ ‘ನ್ಯಾಚುರಲ್ ಬೀಫ್ ಫ್ಲೇವರ್’ ಇದೆ, ಭಾರತದ್ದು ಬೇರೆ. ತರಕಾರಿ ಸೂಪಿಗೆ ಚಿಕನ್ ಬ್ರಾತ್ (ಕೋಳಿ ಬೇಯಿಸಿದ ರಸ), ಸೀಸರ್ ಸಲಾಡಿನ ಡ್ರೆಸ್ಸಿಂಗಿಗೆ ಆಂಚೊವಿ ಮೀನು, ಥಾಯ್ ಕರಿಗೆ ಮೀನಿನ ಸಾಸ್, ಕೆಲವು ಮೆಕ್ಸಿಕನ್ ಹೋಟೆಲುಗಳ ಅರೆದ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವ ವಾಡಿಕೆ ಇದೆ. ಪಕ್ಕದ ಆರ್ಲಿಂಗ್ಟನ್ ಹೈಟ್ಸ್‌ನ ಮಿಟ್ಸುವಾ ಎಂಬ ಜಪಾನಿ ಮಾರ್ಕೆಟ್ಟಿನ ಫುಡ್ ಕೋರ್ಟ್ ಮಾಂಸಾಹಾರಿಗಳಿಗೆ ಹಬ್ಬ. ಸಸ್ಯಾಹಾರಿಗಳು ಮಾತ್ರ ಅಲ್ಲಿನ ನೂಡಲ್ಸ್ ಸಾರಿಗೆ ಒಣಮೀನಿನ ದಾಶಿ ಬೀಳುತ್ತದೆಂಬುದನ್ನು ಮರೆಯಬಾರದು. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. ‘ನೋ ಮೀಟ್, ನೋ ಫಿಶ್, ನೋ ಚಿಕನ್ ಬ್ರಾತ್’ ಎಂದು ಬಿಡಿಸಿ ಹೇಳಿ. ಮಧ್ಯಾಹ್ನಕ್ಕೆ ನಂಬಬಹುದಾದದ್ದು ಚಿಪೋಟ್ಲೆ ಎಂಬ ಮೆಕ್ಸಿಕನ್ ಮಾದರಿಯ ಹೋಟೆಲಿನ ಅನ್ನ-ಬೀನ್ಸ್ ಬೌಲ್. ಅಲ್ಲಿ ಎರಡೂ ಬಗೆಯ ಬೀನ್ಸ್ ಸಸ್ಯಾಹಾರಿ, ಮಾಂಸ ಬೇಡವೆಂದರೆ ಗ್ವಾಕಮೋಲೆಗೆ (ಬೆಣ್ಣೆಹಣ್ಣಿನ ಚಟ್ನಿ) ಬೇರೆ ದುಡ್ಡು ಹಾಕುವುದಿಲ್ಲ.

ಇಂಡಿಯನ್ ರೆಸ್ಟೋರೆಂಟುಗಳು ಬೇಕಾದಷ್ಟಿವೆ, ಆದರೆ ಸಮಯ ನೋಡಿಕೊಂಡು ಹೋಗಿ. ಬಹಳಷ್ಟು ಕಡೆ ಮಧ್ಯಾಹ್ನ ಮೂರರಿಂದ ಐದರವರೆಗೆ ಬಾಗಿಲು ಮುಚ್ಚಿರುತ್ತದೆ, ವಾರದಲ್ಲೊಂದು ದಿನ ರಜೆಯೂ ಇರುತ್ತದೆ. ಕ್ಲೈಂಟ್ ಜತೆಗಿನ ಡಿನ್ನರ್ ಸಂಜೆ ಆರಕ್ಕೇ ಶುರುವಾಗುತ್ತದೆ. ನಾಲ್ಕಕ್ಕೆ ಟೀ ಜತೆ ಏನೂ ತಿನ್ನದಿದ್ದರೆ ಒಳ್ಳೆಯದು.

ಬಿಲ್ಲಿನ ಲೆಕ್ಕ ಹೀಗೆ: ತಿಂದದ್ದು 40 ಡಾಲರ್ ಆದರೆ ತೆರಿಗೆ 4 ಡಾಲರ್ ದಾಟಬಹುದು. ಟಿಪ್ಸನ್ನು ತೆರಿಗೆ ಸೇರಿಸದೆ 40ರ ಮೇಲೆ 18ರಿಂದ 20 ಶೇಕಡಾ ಹಾಕಿ, ಅಂದರೆ 7ರಿಂದ 8 ಡಾಲರ್. ಒಟ್ಟು 52ರ ಸುಮಾರು. ಆರು ಜನಕ್ಕಿಂತ ಹೆಚ್ಚಿದ್ದರೆ ಬಿಲ್ಲಿನಲ್ಲೇ ‘ಗ್ರ್ಯಾಚುಯಿಟಿ’, ಅಂದರೆ ಟಿಪ್ಸ್, ಸೇರಿಸಿದ್ದಾರೆಯೇ ನೋಡಿ, ಎರಡು ಸಲ ಕೊಡುವವರು ಬಹಳ. ಕೌಂಟರಿನಲ್ಲಿ ನಿಂತು ಒಯ್ಯುವ ಕಾಫಿಗೆ ಸ್ಕ್ರೀನು ಟಿಪ್ಸ್ ಕೇಳಿದರೆ ಕೊಡಲೇಬೇಕೆಂದಿಲ್ಲ. ಪ್ಲೇಟು ದೊಡ್ಡದು, ಮಿಕ್ಕಿದ್ದಕ್ಕೆ ‘ಬಾಕ್ಸ್’ ಕೇಳಿ. ಸಂಕೋಚದ ಮಾತೇ ಅಲ್ಲ. ಕಂಪನಿಗೆ ಕೊಡಬೇಕಾದದ್ದು ಕಾರ್ಡ್ ಸ್ಲಿಪ್ಪಲ್ಲ, ಐಟಂ ಬರೆದ ರಸೀದಿ.

ಶನಿವಾರ ನಗರಕ್ಕೆ

ಶನಿವಾರವನ್ನು ವುಡ್‌ಫೀಲ್ಡ್ ಮಾಲಿನಲ್ಲಿ ಕಳೆಯಬೇಡಿ. ಅದನ್ನು ಮಳೆ ಬಂದ ಬುಧವಾರ ಸಂಜೆಗೆ ಇಟ್ಟುಕೊಳ್ಳಿ. ಕಾರಿದ್ದರೂ ನಗರಕ್ಕೆ ರೈಲೇ ಸುಖ, ನಗರಮಧ್ಯದ ಪಾರ್ಕಿಂಗ್ ಬಾಡಿಗೆ ನಿಮ್ಮ ಊಟದ ಬಿಲ್ಲನ್ನು ಮೀರಿಸುತ್ತದೆ. ಶಾಮ್‌ಬರ್ಗ್ ಸ್ಟೇಷನ್ನಿನಿಂದ ಮೆಟ್ರಾ ಎಂಬ ಉಪನಗರ ರೈಲಿನ ಮಿಲ್ವಾಕೀ ಡಿಸ್ಟ್ರಿಕ್ಟ್ ವೆಸ್ಟ್ ಮಾರ್ಗದ ರೈಲು ಒಂದು ಗಂಟೆಯ ಆಸುಪಾಸಿನಲ್ಲಿ ಯೂನಿಯನ್ ಸ್ಟೇಷನ್ನಿಗೆ ಮುಟ್ಟಿಸುತ್ತದೆ. ಸ್ಟೇಷನ್ ಮಾಲಿನಿಂದ ದೂರ, ಅಲ್ಲಿಗೆ ಕ್ಯಾಬ್ ಬೇಕು. ಟಿಕೆಟ್ಟು ವೆಂಟ್ರಾ ಆ್ಯಪ್‌ನಲ್ಲಿ ಸಿಗುತ್ತದೆ. ವಾರಾಂತ್ಯದ ದಿನಪಾಸು ತೆಗೆದುಕೊಂಡು, ಹತ್ತುವ ಮುಂಚೆ ಆಕ್ಟಿವೇಟ್ ಮಾಡಿ. ವಾರಾಂತ್ಯದಲ್ಲಿ ರೈಲುಗಳು ವಿರಳ. ಒಂದು ತಪ್ಪಿದರೆ ಗಂಟೆ-ಎರಡು ಗಂಟೆ ಬೆಂಚೇ ಗತಿ. ವಾಪಸ್ ಬರುವ ಕೊನೆಯ ರೈಲಿನ ಹೊತ್ತನ್ನು ಬೆಳಗ್ಗೆಯೇ ಫೋಟೋ ತೆಗೆದಿಟ್ಟುಕೊಳ್ಳಿ.

ಯೂನಿಯನ್ ಸ್ಟೇಷನ್ನಿನಿಂದ ಆ್ಯಡಮ್ಸ್ ಬೀದಿ ಹಿಡಿದು ಪೂರ್ವಕ್ಕೆ ಇಪ್ಪತ್ತು ನಿಮಿಷ ನೆಟ್ಟಗೆ ನಡೆದರೆ ಬೀದಿ ಕೊನೆಯಾಗುವುದೇ ಎರಡು ಕಂಚಿನ ಸಿಂಹಗಳ ಎದುರಿಗೆ. ಅದು ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಕಟ್ಟಡದಲ್ಲಿ. ಒಳಗೆ ಫುಲರ್ಟನ್ ಹಾಲ್ ಹತ್ತಿರ ನೆನಪಿನ ಫಲಕ ಇದೆ, ಎದುರಿನ ಮಿಶಿಗನ್ ಅವೆನ್ಯೂದ ಒಂದು ತುಂಡಿಗೆ ಅವರ ಹೆಸರಿದೆ. ಮ್ಯೂಸಿಯಂ ಬೆಳಗ್ಗೆ ತಡವಾಗಿ ತೆರೆಯುತ್ತದೆ. ಅಲ್ಲಿಯವರೆಗೆ ಪಕ್ಕದ ಮಿಲೆನಿಯಂ ಪಾರ್ಕಿನಲ್ಲಿ ಅನೀಶ್ ಕಪೂರರ ಕ್ಲೌಡ್ ಗೇಟ್ ಶಿಲ್ಪ ನೋಡಿ. ಊರಿನವರು ‘ಬೀನ್’ ಎನ್ನುವ ಇದನ್ನು 168 ಸ್ಟೀಲ್ ಹಾಳೆಗಳನ್ನು ಬೆಸೆದು ಮಾಡಿದ್ದು, ಜನ ಕಡಿಮೆ ಇರುವುದು ಒಂಬತ್ತಕ್ಕೂ ಮುಂಚೆ. ರಸ್ತೆ ದಾಟಿದರೆ ಶಿಕಾಗೋ ಕಲ್ಚರಲ್ ಸೆಂಟರ್: ಪ್ರವೇಶ ಉಚಿತ, ಟಿಫನಿ ಗಾಜಿನ ಗುಮ್ಮಟ ಇದೆ, ಚೊಕ್ಕಟ ಶೌಚಾಲಯವೂ ಇದೆ.

ಮಧ್ಯಾಹ್ನ ದೋಣಿ ಹತ್ತಿ. ಮಿಶಿಗನ್ ಅವೆನ್ಯೂ ಸೇತುವೆಯ ಬುಡದಿಂದ ಹೊರಡುವ ಆರ್ಕಿಟೆಕ್ಚರ್ ಪ್ರವಾಸ 90 ನಿಮಿಷದ್ದು, ಚಳಿಗಾಲದಲ್ಲಿ ಇರುವುದಿಲ್ಲ. ವಾರದ ನಡುವೆಯೇ ಬುಕ್ ಮಾಡಿಕೊಳ್ಳಿ. ಮೇಲಿನ ತೆರೆದ ಡೆಕ್ಕಿನಲ್ಲಿ ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ, ಜಾಕೆಟ್ ಇರಲಿ. ಸಂಜೆಗೆ ಆಳದ ತಟ್ಟೆಯಲ್ಲಿ ದಪ್ಪಗೆ ಬೇಯಿಸುವ ಡೀಪ್ ಡಿಶ್ ಪಿಜ್ಜಾ ತಿನ್ನುವುದಾದರೆ ಅದು ಬೇಯಲು 30ರಿಂದ 45 ನಿಮಿಷ ಬೇಕು; ಟೇಬಲ್ಲಿಗೆ ಕಾಯುವಾಗಲೇ ಆರ್ಡರ್ ಕೊಡಿ. ಇಬ್ಬರಿಗೆ ‘ಸ್ಮಾಲ್’ ಧಾರಾಳ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಚೀಸಿಗೆ ಹಾಲು ಒಡೆಸಲು ಹಾಕಿದ ರೆನೆಟ್ ಪ್ರಾಣಿಜನ್ಯವೇ ಎಂದು ಕೇಳಿಕೊಳ್ಳಬೇಕು.

ಇಂಡಿಯನ್ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂಗೆ ಹೋಗಲೇಬೇಕೆಂದರೆ ನಗರದ ಮೆಟ್ರೋ ರೈಲಿನ ರೆಡ್ ಲೈನಿನ ಲೊಯೋಲಾ ಸ್ಟೇಷನ್ನಿನಲ್ಲಿ ಇಳಿದು 155ನೇ ನಂಬರ್ ಬಸ್ಸು ಹಿಡಿಯಿರಿ.

ಭಾನುವಾರ ಹತ್ತಿರದಲ್ಲೇ

ಮಾಲಿನ ಪಕ್ಕದ ಹೈವೇ ದಾಟಿದರೆ ಬಸ್ಸೀ ವುಡ್ಸ್ ಎಂಬ ಕಾಡು. ಹಿಗಿನ್ಸ್ ರೋಡ್ ಮತ್ತು ಆರ್ಲಿಂಗ್ಟನ್ ಹೈಟ್ಸ್ ರೋಡ್ ಸೇರುವಲ್ಲಿ ಬೇಲಿಯೊಳಗೆ ಎಲ್ಕ್ ಹಿಂಡು ಮೇಯುತ್ತದೆ. ನಮ್ಮ ಕಡವೆಯ ದೊಡ್ಡಣ್ಣನಂತಿರುವ ಇವುಗಳ ಪೂರ್ವಜರನ್ನು 1925ರಲ್ಲಿ ಪಶ್ಚಿಮದಿಂದ ತಂದದ್ದು. ಬೆಳಗ್ಗೆ ಹೋಗಿ, ಬಿಸಿಲೇರಿದರೆ ಮರದ ನೆರಳಿಗೆ ಸರಿದುಬಿಡುತ್ತವೆ. ನಡೆಯಲು ಟಾರು ಹಾಕಿದ ಸುತ್ತುದಾರಿ ಇದೆ.

ಮಧ್ಯಾಹ್ನಕ್ಕೆ ಎರಡು ದಾರಿ. ಬಾರ್ಟ್‌ಲೆಟ್‌ನ ಸ್ವಾಮಿನಾರಾಯಣ ಮಂದಿರ ಹತ್ತಿರ, 2004ರಲ್ಲಿ ತೆರೆದದ್ದು. ಸುಣ್ಣಕಲ್ಲು ಮತ್ತು ಅಮೃತಶಿಲೆಯ ಕೆತ್ತನೆಗೆ ಒಂದು ಗಂಟೆ ಕೊಡಬಹುದು; ಚಡ್ಡಿ ಹಾಕಿಕೊಂಡು ಹೋಗಬೇಡಿ, ಒಳಗೆ ಫೋಟೋ ಇಲ್ಲ. ಮುಕ್ಕಾಲು ಗಂಟೆ ಕಾರಿನ ದಾರಿ ಸೈ ಎನ್ನುವವರು ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗಲಿ. ಶನಿವಾರ-ಭಾನುವಾರ ಅಲ್ಲಿನ ಕ್ಯಾಂಟೀನಿನಲ್ಲಿ ಇಡ್ಲಿ, ದೋಸೆ, ಪುಳಿಯೋಗರೆ ಸಿಗುತ್ತವೆ. ಸುತ್ತಲಿನ ರೆಸ್ಟೋರೆಂಟುಗಳ ಸಾಂಬಾರಿಗಿಂತ ಇದೇ ನಾಲಿಗೆಗೆ ಹತ್ತಿರ. ಹೆದ್ದಾರಿಯ ಟೋಲಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಬಾಡಿಗೆ ಕಾರಿನವರು ಟೋಲಿನ ಮೇಲೆ ದಿನದ ಶುಲ್ಕ ಎಷ್ಟು ಹಾಕುತ್ತಾರೆಂದು ಮೊದಲೇ ಕೇಳಿ, ಇಲ್ಲವೇ ಮ್ಯಾಪಿನಲ್ಲಿ ಟೋಲ್ ಇಲ್ಲದ ದಾರಿ ಆರಿಸಿ.

ಯುಗಾದಿ ಅಥವಾ ರಾಜ್ಯೋತ್ಸವದ ಹೊತ್ತಿಗೆ ಬಂದಿದ್ದರೆ ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮ ಆ ವಾರಾಂತ್ಯ ಇದೆಯೇ ವಿಚಾರಿಸಿ. ಮನೆಗೆ ಫೋನ್ ಮಾಡಲು ಬೇಸಿಗೆಯಲ್ಲಿ ಬೆಳಗಿನ ಎಂಟು ಸರಿ, ಆಗ ನಮ್ಮಲ್ಲಿ ಸಂಜೆ ಆರೂವರೆ; ಚಳಿಗಾಲದಲ್ಲಿ ಏಳೂವರೆ.

ಹೊರಡುವ ಹಿಂದಿನ ರಾತ್ರಿ ಫ್ರಿಜ್ ಖಾಲಿ ಮಾಡಿ. ಉಳಿದ ಅಕ್ಕಿ, ಬೇಳೆ, ಎಣ್ಣೆಯನ್ನು ಬಿಗಿಯಾಗಿ ಕಟ್ಟಿ, ಮೇಲೆ ತಾರೀಖು ಬರೆದು, ಮುಂದೆ ಬರುವ ಸಹೋದ್ಯೋಗಿಗೆ ಆಫೀಸಿನಲ್ಲೇ ಬಿಟ್ಟು ಬನ್ನಿ. ಸ್ಕ್ರೂ ಮುಚ್ಚಳ ಇಲ್ಲದ ಗೊಜ್ಜಿನ ಡಬ್ಬಿಯನ್ನು ಮಾತ್ರ ಬಿಡಬೇಡಿ, ಡ್ರಾಯರಿನಲ್ಲಿ ಸೋರುತ್ತದೆ.