ಸ್ನೂಕರ್: ಗುರಿಯನ್ನು ನಿಂತೇ ಹಿಡಿಯಿರಿ

ಸ್ನೂಕರ್ ಆಟದ ನಿಯಮಗಳು 1882ರಲ್ಲಿ ಬರಹಕ್ಕಿಳಿದು ಗೋಡೆಯೇರಿದ್ದು ನಮ್ಮ ಉದಕಮಂಡಲದ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ. 1875ರಲ್ಲಿ ಜಬಲ್ಪುರದ ಸೈನಿಕರ ಮೆಸ್ಸಿನಲ್ಲಿ ಈ ಆಟವನ್ನು ರೂಪಿಸಿದ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿಯೇ (ಮುಂದೆ ಬ್ರಿಟನ್ನಿನ ಪ್ರಧಾನಿಯಾದವರು ಅದೇ ಹೆಸರಿನ ಬೇರೊಬ್ಬರು) ಅದನ್ನು ನೀಲಗಿರಿಗೆ ತಂದವರು. ನಿಯಮಗಳು ಹುಟ್ಟಿದ ಊರೆಂಬ ಹೆಮ್ಮೆ ಏನೇ ಇರಲಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡುವ ಇಲ್ಲಿನ ಹೊಸಬರಲ್ಲಿ ಹೆಚ್ಚಿನವರು ಟೇಬಲ್ಲಿನ ಮೇಲೆ ಬಾಗಿದ ನಂತರ ಗುರಿ ಹುಡುಕಲು ತೊಡಗುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಮೊದಲು ತಿಳಿಯಬೇಕಾದದ್ದು, ಕ್ಯೂ ಎಂಬ ಕೋಲಿನಿಂದ ಹೊಡೆಯುವ ಬಿಳಿ ಚೆಂಡನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು. ಕೆಂಪು ಚೆಂಡೊಂದನ್ನು ಮೂಲೆಯ ಪಾಕೆಟ್ಟಿಗೆ ಹಾಕಬೇಕೆಂದಿಟ್ಟುಕೊಳ್ಳಿ. ಪಾಕೆಟ್ಟಿನ ಬಾಯಿಯ ನಡುವಿನಿಂದ ಕೆಂಪಿನ ಕೇಂದ್ರದ ಮೂಲಕ ಒಂದು ಗೆರೆಯನ್ನು ಊಹಿಸಿಕೊಂಡರೆ, ಆ ಗೆರೆ ಕೆಂಪಿನ ಹಿಂಬದಿಯಲ್ಲಿ ಹೊರಬರುವ ಬಿಂದುವೇ ಬಿಳಿ ಚೆಂಡು ತಾಗಬೇಕಾದ ಜಾಗ. ಕೇರಂ ಆಡಿದವರಿಗೆ ಇಲ್ಲಿಯವರೆಗೆ ಹೊಸದೇನೂ ಇಲ್ಲ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆ ಬಿಂದುವಿಗೇ ನೇರವಾಗಿ ಕ್ಯೂ ಹಿಡಿದು ಹೊಡೆದರೆ, ಬಿಳಿಯ ಕೇಂದ್ರ ಅಲ್ಲಿಗೆ ತಲುಪುವ ಮೊದಲೇ ಅದರ ಮೈ ಕೆಂಪಿಗೆ ಬೇರೊಂದು ಕಡೆ ತಾಗಿ, ಹೊಡೆತ ಬೇಕಾದುದಕ್ಕಿಂತ ದಪ್ಪವಾಗುತ್ತದೆ, ಅಂದರೆ ಕೆಂಪಿನ ನಡುವಿಗೆ ಹೆಚ್ಚು ಹತ್ತಿರ ತಾಗುತ್ತದೆ. ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್ ಆಗಿರುವುದರಿಂದ, ಗುರಿಯಿಡಬೇಕಾದುದು ಅದೇ ಗೆರೆಯ ಮೇಲೆ ಆ ಬಿಂದುವಿನಿಂದ ಇನ್ನೂ 26.25 ಮಿಲಿಮೀಟರ್ ಹಿಂದಕ್ಕೆ, ಅಂದರೆ ಕೆಂಪಿಗೆ ತಾಗಿ ನಿಂತಿರುವುದೆಂದು ಕಲ್ಪಿಸಿಕೊಂಡ ಇನ್ನೊಂದು ಚೆಂಡಿನ ಕೇಂದ್ರಕ್ಕೆ. ಈ ಕಲ್ಪನೆ ಕೈಗೂಡದಿದ್ದರೆ ಅಭ್ಯಾಸದ ವೇಳೆಯಲ್ಲಿ ನಿಜವಾದ ಚೆಂಡನ್ನೇ ಅಲ್ಲಿಟ್ಟು, ಅದು ಬಟ್ಟೆಯನ್ನು ಮುಟ್ಟುವ ಜಾಗವನ್ನು ಕಣ್ಣಲ್ಲಿ ತುಂಬಿಕೊಂಡು, ನಂತರ ತೆಗೆದುಬಿಡಿ.

ಇದನ್ನೇ ಚೆಂಡಿನ ಭಾಗಗಳ ಲೆಕ್ಕದಲ್ಲಿ ಹೇಳುವ ರೂಢಿಯೂ ಇದೆ. ಬಿಳಿಯ ಕೇಂದ್ರವನ್ನು ಕೆಂಪಿನ ಅಂಚಿಗೆ ಗುರಿಯಿಟ್ಟರೆ ಅದು ಅರ್ಧ ಚೆಂಡಿನ ಹೊಡೆತ. ಕೆಂಪು ಬಿಳಿಯ ದಾರಿಯಿಂದ ಸುಮಾರು 30 ಡಿಗ್ರಿ ಓರೆಯಾಗಿ ಹೋಗುತ್ತದೆ. ಅಂಚಿಗೂ ಕೇಂದ್ರಕ್ಕೂ ನಡುವೆ ಹಿಡಿದರೆ ಮುಕ್ಕಾಲು ಚೆಂಡು, ಸುಮಾರು 14 ಡಿಗ್ರಿ. ಅಂಚಿನಿಂದ 13 ಮಿಲಿಮೀಟರ್ ಹೊರಗೆ ಹಿಡಿದರೆ ಕಾಲು ಚೆಂಡು, ಸುಮಾರು 49 ಡಿಗ್ರಿ. ಮೊದಲು ಅರ್ಧ ಚೆಂಡಿನ ಹೊಡೆತವನ್ನು ಪಳಗಿಸಿಕೊಳ್ಳುವುದು ಲೇಸು, ಏಕೆಂದರೆ ಅದರಲ್ಲಿ ಮಾತ್ರ ಗುರಿಗೆ ಕಣ್ಣಿಗೆ ಕಾಣುವ ಅಂಚು ಸಿಗುತ್ತದೆ; ಉಳಿದವನ್ನು ಅದಕ್ಕಿಂತ ದಪ್ಪ, ಅದಕ್ಕಿಂತ ತೆಳು ಎಂದು ಅಳೆದುಕೊಳ್ಳಬಹುದು. ತೆಳುವಾದಷ್ಟೂ ತಪ್ಪಿಗೆ ಬೆಲೆ ಹೆಚ್ಚು: ಬಿಳಿಯ ದಾರಿ ಒಂದೇ ಒಂದು ಮಿಲಿಮೀಟರ್ ಸರಿದರೆ, ಎರಡು ಮೀಟರ್ ದೂರದ ಪಾಕೆಟ್ಟಿನ ಬಳಿ ನೇರ ಹೊಡೆತದ ಕೆಂಪು ಸುಮಾರು 4 ಸೆಂಟಿಮೀಟರ್ ಆಚೀಚೆಯಾದರೆ, ಕಾಲು ಚೆಂಡಿನ ಹೊಡೆತದಲ್ಲಿ ಅದು 6 ಸೆಂಟಿಮೀಟರಿನ ಹತ್ತಿರ ಹೋಗುತ್ತದೆ.

ಈ ಲೆಕ್ಕವೆಲ್ಲ ನೆಟ್ಟಗೆ ನಿಂತಿರುವಾಗಲೇ ಮುಗಿಯಬೇಕು. ಕೆಂಪಿನ ಹಿಂದೆ ಹೋಗಿ ಪಾಕೆಟ್ಟಿನ ಗೆರೆಯನ್ನು ನೋಡಿ, ಬಿಂದುವಿನ ಮೇಲಿನ ಕಣ್ಣನ್ನು ಕೀಳದೆ ಬಿಳಿಯ ಹಿಂದಕ್ಕೆ ಬನ್ನಿ. ಬಲಗೈ ಆಟಗಾರರು ಬಲಪಾದವನ್ನು ಹೊಡೆತದ ಗೆರೆಯ ಮೇಲೆಯೇ ಊರಿ, ಎಡಗಾಲನ್ನು ತುಸು ಮುಂದಕ್ಕೆ, ಎಡಕ್ಕೆ ಇಟ್ಟು, ಮುಖ ಆ ಗೆರೆಯನ್ನು ಬಿಡದಂತೆ ನೇರವಾಗಿ ಕೆಳಗಿಳಿಯಬೇಕು. ಪಕ್ಕದಿಂದ ಬಾಗಿ ಬಂದು ಕ್ಯೂವನ್ನು ಸರಿಹೊಂದಿಸುವವರು ಎಷ್ಟು ಹೊತ್ತು ಹವಣಿಸಿದರೂ ಪ್ರಯೋಜನ ಕಡಿಮೆ, ಏಕೆಂದರೆ ತುದಿ ಸರಿದರೂ ಪಾದ, ಭುಜ, ಮೊಣಕೈಗಳು ಹಳೆಯ ಗೆರೆಯಲ್ಲೇ ಉಳಿದಿರುತ್ತವೆ. ಬಾಗಿದ ಮೇಲೆ ಗುರಿ ತಪ್ಪಿದಂತೆ ಅನಿಸಿದರೆ ಎದ್ದು ನಿಂತು ಮೊದಲಿನಿಂದ ಆರಂಭಿಸುವುದೇ ಸರಿ; ಕಾದು ಕೂತ ಎದುರಾಳಿ ಗೊಣಗಿದರೆ ಗೊಣಗಲಿ.

ಕ್ಯೂ ಗದ್ದದ ಕೆಳಗೆ ಎಲ್ಲಿ ಹಾಯಬೇಕೆಂಬುದನ್ನು ಕಣ್ಣು ತೀರ್ಮಾನಿಸುತ್ತದೆ. ಎರಡೂ ಕಣ್ಣು ತೆರೆದು ದೂರದ ವಸ್ತುವೊಂದಕ್ಕೆ ಬೆರಳು ತೋರಿಸಿ, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿ. ಯಾವ ಕಣ್ಣು ತೆರೆದಿರುವಾಗ ಬೆರಳು ಜಾಗ ಬದಲಿಸುವುದಿಲ್ಲವೋ ಅದು ಪ್ರಬಲವಾದ ಕಣ್ಣು, ಕ್ಯೂ ಅದರ ಕಡೆಗೆ ವಾಲಿದರೆ ತಪ್ಪೇನಿಲ್ಲ. ಬಲಗಣ್ಣಿನ ದೃಷ್ಟಿ ತೀರ ಮಂದವಾಗಿದ್ದ ಜೋ ಡೇವಿಸ್ ಎಡಗಣ್ಣಿನ ಕೆಳಗೆ ಕ್ಯೂ ಹಾಯಿಸಿಯೇ ವಿಶ್ವ ಚಾಂಪಿಯನ್ ಆದವರು. ಮೂರು ನಾಲ್ಕು ಬಾರಿ ಕ್ಯೂವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುವಾಗ ನೋಟ ಬಿಳಿಯ ಮೇಲೂ ಕೆಂಪಿನ ಮೇಲೂ ಹೋಗಿಬರಲಿ. ಕೊನೆಗೆ ಕ್ಯೂ ಹಿಂದಕ್ಕೆ ಬಂದು ಕ್ಷಣಮಾತ್ರ ತಡೆದು ನಿಂತಾಗ ನೋಟ ಕೆಂಪಿನ ಮೇಲೆ ನೆಟ್ಟಿರಬೇಕು.

ಗುರಿ ಸರಿಯಿದ್ದೂ ಚೆಂಡು ಬೀಳದಿದ್ದರೆ ಕೈಯನ್ನು ಪರೀಕ್ಷಿಸಬೇಕು. ಬಿಳಿಯನ್ನು ಕಂದು ಚೆಂಡಿನ ಸ್ಥಾನದಲ್ಲಿಟ್ಟು, ಟೇಬಲ್ಲಿನ ಉದ್ದದ ನಡುಗೆರೆಯಲ್ಲೇ ಮುಂದಿರುವ ನೀಲಿ, ಗುಲಾಬಿ, ಕಪ್ಪು ಚೆಂಡುಗಳ ಸ್ಥಾನಗಳ ಮೇಲೆ ಹಾಯುವಂತೆ ಹೊಡೆಯಿರಿ. ಆಚೆಯ ಕುಶನ್ನಿಗೆ (ಟೇಬಲ್ಲಿನ ಅಂಚಿನ ರಬ್ಬರ್ ಪಟ್ಟಿಗೆ) ತಾಗಿದ ಚೆಂಡು ಅದೇ ದಾರಿಯಲ್ಲಿ ಮರಳಬೇಕು. ಹೋಗುವಾಗ ನೇರವಾಗಿ ಹೋಗಿ ಬರುವಾಗ ಬಲಕ್ಕೆ ಸರಿದರೆ, ನಿಮ್ಮ ಕ್ಯೂವಿನ ತುದಿ, ಅಂದರೆ ಟಿಪ್, ಬಿಳಿಯ ನಡುವಿಗಲ್ಲ, ನಡುವಿನಿಂದ ಬಲಕ್ಕೆ ತಾಗುತ್ತಿದೆ ಎಂದರ್ಥ. ಈ ದೋಷ ತಿದ್ದುವವರೆಗೆ ಬೇಕೆಂದೇ ಸೈಡ್ ಕೊಡುವ, ಅಂದರೆ ಬಿಳಿಯನ್ನು ನಡುವಿನಿಂದ ಪಕ್ಕಕ್ಕೆ ಹೊಡೆದು ಸುತ್ತಿಸುವ, ಹೊಡೆತಗಳ ತಂಟೆಗೆ ಹೋಗದಿರುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮವಿದೆ. ಎರಡು ಚೆಂಡುಗಳು ಉಜ್ಜುವಾಗಿನ ಘರ್ಷಣೆ ಕೆಂಪನ್ನು ಬಿಳಿಯ ದಾರಿಯ ಕಡೆಗೆ ಒಂದಿಷ್ಟು ಎಳೆಯುವುದರಿಂದ, ಕೋನದ ಹೊಡೆತಗಳು, ಅದರಲ್ಲೂ ನಿಧಾನದವು, ಲೆಕ್ಕಕ್ಕಿಂತ ದಪ್ಪವಾಗಿ ಹೋಗುತ್ತವೆ. ಚಾಕ್ ಪುಡಿ, ಬೆವರು ಮೆತ್ತಿದ ಚೆಂಡುಗಳಲ್ಲಿ ಈ ಎಳೆತ ಹೆಚ್ಚು. ಕೂನೂರು, ಗೂಡಲೂರಿನ ಮಳೆಗಾಲದ ತೇವಕ್ಕೆ ಟೇಬಲ್ಲಿನ ಬಟ್ಟೆಯೂ ಭಾರವಾಗಿ ಚೆಂಡು ನಿಧಾನವಾಗುತ್ತದೆ. ಆದ್ದರಿಂದ ಆಟಕ್ಕೆ ಮೊದಲು ಎಲ್ಲ ಚೆಂಡುಗಳನ್ನೂ ಒಣಬಟ್ಟೆಯಲ್ಲಿ ಒರೆಸಿ. ಆ ಮೇಲೂ ಕೆಂಪು ಪ್ರತಿ ಸಲ ದಪ್ಪದ ಕಡೆಗೇ ತಪ್ಪುತ್ತಿದ್ದರೆ, ಗುರಿಯನ್ನು ಕೂದಲೆಳೆಯಷ್ಟು ತೆಳುವಿನ ಕಡೆಗೆ ಸರಿಸಿಕೊಳ್ಳಿ.